ಊರು ಎಲ್ಲಿಗೆ ಮುಗಿಯಿತು ಅಂತ ರಸ್ತೆ ನೋಡಿ ಹೇಳುವುದು

ಬಳ್ಳಾರಿಯ ಒಂದು ಸಣ್ಣ ಆಫೀಸಿನಲ್ಲಿ ಮ್ಯಾಪ್ ಮಾಡುವುದು ನನ್ನ ಕೆಲಸ. ಬೆಳೆದ ಊರುಗಳು ಈಗ ನಿಜಕ್ಕೂ ಎಲ್ಲಿವರೆಗೆ ಬಂದಿವೆ ಅಂತ ಗೆರೆ ಎಳೆದು ಕೊಡುವ ಕೆಲಸ ಇತ್ತೀಚೆಗೆ ಜಾಸ್ತಿ ಬರುತ್ತಿದೆ. ಪಾಲಿಕೆ ಗಡಿ ಇದೆಯಲ್ಲ, ಅದನ್ನೇ ಹಾಕಿದರೆ ಆಯ್ತಲ್ವಾ ಅಂತ ಹೊಸದಾಗಿ ಸೇರಿದವರು ಕೇಳುತ್ತಾರೆ. ಸಾಲದು. ಕೊಪ್ಪಳವನ್ನೇ ನೋಡಿ, ಒಂದು ಕಡೆ ಕೊಪ್ಪಳ ನಗರಸಭೆ, ಅದಕ್ಕೆ ಅಂಟಿಕೊಂಡೇ ಭಾಗ್ಯನಗರ ಪಟ್ಟಣ ಪಂಚಾಯ್ತಿ. ಆಡಳಿತ ಎರಡು, ಆದರೆ ಭಾಗ್ಯನಗರದಿಂದ ಕೊಪ್ಪಳದ ಬಜಾರಿಗೆ ಹೊರಟವರು ಬೇರೆ ಊರಿಗೆ ಹೊರಟೆವು ಅಂದುಕೊಳ್ಳುತ್ತಾರಾ? ಒಂದು ಜಾಗವನ್ನು ಪಟ್ಟಣ ಅನ್ನುವುದಕ್ಕೆ ಜನಗಣತಿಯವರಿಗೆ ಅವರದ್ದೇ ಲೆಕ್ಕ: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಒಳ್ಳೆಯ ಲೆಕ್ಕವೇ. ಆದರೆ ನಾನು ಬಳಸುತ್ತಿರುವ ಅಂಕಿ 2011ರದ್ದು, ಊರು ಅಲ್ಲಿಗೇ ನಿಂತಿಲ್ಲ.

ಅದಕ್ಕೇ ರಸ್ತೆ ಹಿಡಿಯುವುದು. ರಸ್ತೆ ಕೂಡುವ ಪ್ರತಿ ಕ್ರಾಸಿಗೂ ಒಂದು ಚುಕ್ಕಿ ಇಡಬೇಕು. ರಸ್ತೆಯ ಮೇಲೇ ಅಳೆದಾಗ ಇಂತಿಷ್ಟು ಮೀಟರ್ ಒಳಗೆ ಬರುವ ಚುಕ್ಕಿಗಳನ್ನೆಲ್ಲ ಒಂದಕ್ಕೊಂದು ಸೇರಿಸುತ್ತಾ ಹೋಗಬೇಕು. ಊರೊಳಗೆ ಕ್ರಾಸುಗಳು ಒತ್ತೊತ್ತಾಗಿರುತ್ತವೆ, ಹೊಲದ ಕಡೆ ಹೋದಂತೆ ದೂರ ದೂರ ಆಗುತ್ತವೆ, ಹೀಗೆ ಸೇರಿಸುತ್ತಾ ಹೋಗಿದ್ದು ಎಲ್ಲಿ ಕಡಿಯುತ್ತದೋ ಅಲ್ಲಿಗೆ ಊರು ಮುಗಿಯಿತು ಅಂತ. ಬ್ರಿಟನ್ನಿನ ರಸ್ತೆಗಳ ಮೇಲೆ ಸಂಶೋಧಕಿ ಎಲ್ಸಾ ಆರ್ಕೌಟೆ ಮತ್ತು ಜೊತೆಗಾರರು ಇದನ್ನು ಮಾಡಿ 2016ರಲ್ಲಿ ಪ್ರಕಟಿಸಿದರು. ಅಲ್ಲಿನ ನಗರಗಳಿಗೆ ಚೆನ್ನಾಗಿ ಹೊಂದಿದ್ದು 300 ಮೀಟರ್.

ಆ 300ನ್ನು ಹಾಗೇ ತಂದು ಇಲ್ಲಿ ಹಾಕಬೇಡಿ. 50 ಮೀಟರಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ, ಊರಿನ ಗುಂಪು ಎಷ್ಟು ದೊಡ್ಡದಾಗುತ್ತಿದೆ ನೋಡಿ. ನಿಧಾನಕ್ಕೆ ಬೆಳೆಯುತ್ತಾ ಬಂದದ್ದು ಒಂದು ಕಡೆ ಪಕ್ಕದ ಹಳ್ಳಿಯನ್ನು ನುಂಗಿ ದಿಢೀರನೆ ಹಿಗ್ಗುತ್ತದೆ. ಆ ಜಿಗಿತಕ್ಕೆ ಸ್ವಲ್ಪ ಮುಂಚಿನ ಅಂಕಿಯೇ ಆ ಊರಿನದು. ಕೊಪ್ಪಳದ ಅಂಕಿ ಬಳ್ಳಾರಿಗೆ ಹೊಂದಬೇಕು ಅಂತೇನಿಲ್ಲ. ಬಳ್ಳಾರಿಯ ನಡುವೆಯೇ ಗುಡ್ಡ ಇದೆ, ರಸ್ತೆಗಳು ಅದನ್ನು ಸುತ್ತಿಕೊಂಡೇ ಹೋಗಬೇಕು.

ಇನ್ನೊಂದು, ಇದನ್ನು ಮೊದಲೇ ನೋಡಿಕೊಳ್ಳಿ. ನಾವು ಬಳಸುವುದು ಓಪನ್‌ಸ್ಟ್ರೀಟ್‌ಮ್ಯಾಪ್, ಯಾರು ಬೇಕಾದರೂ ರಸ್ತೆ ಬಿಡಿಸಿ ಸೇರಿಸಬಹುದಾದ ಉಚಿತ ಮ್ಯಾಪ್. ಅದರಲ್ಲಿ ರಸ್ತೆಯ ಪ್ರತಿ ತಿರುವಿಗೂ ಒಂದು ಬಿಂದು ಇರುತ್ತದೆ. ಅದನ್ನೆಲ್ಲ ಕ್ರಾಸ್ ಅಂತ ಎಣಿಸಿದರೆ ಅಂಕುಡೊಂಕಾಗಿ ಹೋಗುವ ಕಾಲುವೆ ಪಕ್ಕದ ದಾರಿಯೂ ಊರಾಗಿಬಿಡುತ್ತದೆ. ಮೂರು ಅಥವಾ ಅದಕ್ಕಿಂತ ಜಾಸ್ತಿ ದಾರಿ ಕೂಡುವ ಬಿಂದುವನ್ನು ಮಾತ್ರ ಇಟ್ಟುಕೊಳ್ಳಿ. ನಡುವೆ ಡಿವೈಡರ್ ಇರುವ ರಸ್ತೆಗೆ ಎರಡು ಗೆರೆ ಇರುತ್ತದೆ, ಒಂದೇ ಕ್ರಾಸು ಎರಡಾಗಿ ಕಾಣುತ್ತದೆ, ಅದನ್ನೂ ಒಂದು ಮಾಡಿ.

ಇಷ್ಟೆಲ್ಲ ಆದ ಮೇಲೂ ನಮ್ಮ ಕಡೆ ಕಷ್ಟ ಕೊಡುವುದು ಲೇಔಟ್‌ಗಳು. ಸಿರುಗುಪ್ಪ ರಸ್ತೆಯ ಕಡೆ ಅಂಥದ್ದೊಂದು ನೋಡಿದೆ. ಕಮಾನು ನಿಂತಿದೆ, ಗರಸು ಹಾಕಿದ ರಸ್ತೆ ಇದೆ, ಹಳದಿ ಬಣ್ಣ ಬಳಿದ ಪ್ಲಾಟಿನ ಕಲ್ಲುಗಳು ಸಾಲಾಗಿವೆ. ಮನೆ ಒಂದೂ ಇಲ್ಲ, ಜಾಲಿ ಬೆಳೆದಿದೆ, ಕುರಿ ಮೇಯುತ್ತಿವೆ. ಮೂವತ್ತು ನಲವತ್ತರ ಪ್ಲಾಟುಗಳಾದ್ದರಿಂದ ಕ್ರಾಸುಗಳು ಬಳ್ಳಾರಿ ನಡುವಿನ ಬ್ರೂಸ್‌ಪೇಟೆಯಷ್ಟೇ ಒತ್ತಾಗಿವೆ, ಪ್ರೋಗ್ರಾಮು ಅದನ್ನು ನಡು ಊರು ಅಂತ ಓದುತ್ತದೆ. ಅಲ್ಲಿದ್ದ ಲೈನ್‌ಮನ್ ಅಣ್ಣನನ್ನು ಕೇಳಿದೆ. "ಕಂಬ ಅದಾವೆ ಸರ್, ಮೀಟರ್ ಎಲ್ಲೈತೆ?" ಅಂದ. ಅವತ್ತಿನಿಂದ ಕರೆಂಟ್ ಮೀಟರ್ ಇದೆಯಾ ಅನ್ನುವುದೇ ನನ್ನ ಮೊದಲ ಪ್ರಶ್ನೆ. ರಸ್ತೆ ಜೊತೆಗೆ ಕಟ್ಟಡಗಳ ಲೇಯರ್ ಕೂಡ ಇಟ್ಟು ನೋಡುತ್ತೇನೆ, ಅನುಮಾನ ಬಂದರೆ ಬೈಕ್ ತೆಗೆದುಕೊಂಡು ಹೋಗಿ ಬರುತ್ತೇನೆ.

ಇದರ ತಿರುಗುಮುರುಗು ನನಗೆ ಜಾಸ್ತಿ ಚಿಂತೆ ತರುವ ವಿಷಯ. ಗುಡ್ಡದ ಬುಡದಲ್ಲಿ, ಹಳಿ ಪಕ್ಕದಲ್ಲಿ ಮನೆಗಳು ಗಿಜಿಗುಟ್ಟುತ್ತವೆ, ಆದರೆ ಬೈಕ್ ಮಾತ್ರ ನುಗ್ಗುವ ಆ ಓಣಿಗಳನ್ನು ಮ್ಯಾಪಿನಲ್ಲಿ ಯಾರೂ ಬಿಡಿಸಿರುವುದಿಲ್ಲ. ರಸ್ತೆಯ ಲೆಕ್ಕದಲ್ಲಿ ಅಲ್ಲಿ ಊರೇ ಇಲ್ಲ. ಖಾಲಿ ಪ್ಲಾಟು ಗೆರೆಯ ಒಳಗೆ, ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಜನ ಗೆರೆಯ ಹೊರಗೆ. ನೀರಿನ ಪೈಪು, ಚರಂಡಿ ಎಲ್ಲಿವರೆಗೆ ಅಂತ ಯೋಜನೆ ಮಾಡುವವರು ನೋಡುವುದು ಇದೇ ಮ್ಯಾಪನ್ನು. ಹಾಗಾಗಿ ಲೆಕ್ಕ ಓಡಿಸುವ ಮೊದಲು ಆ ಓಣಿಗಳನ್ನು ನಡೆದು ಜಿಪಿಎಸ್‌ನಲ್ಲಿ ಹಿಡಿದು ಓಪನ್‌ಸ್ಟ್ರೀಟ್‌ಮ್ಯಾಪಿಗೇ ಸೇರಿಸುತ್ತೇವೆ. ಇದಕ್ಕೆ ಹೋಗುವ ಸಮಯವನ್ನು ಕೊಟೇಶನ್ನಿನಲ್ಲೇ ಬರೆಯಿರಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಈಗ ನಾನು ಒಂದೇ ಗೆರೆ ಕೊಡುವುದಿಲ್ಲ. ಜನ ಇರುವ ಊರಿಗೆ ಗಟ್ಟಿ ಗೆರೆ, ರಸ್ತೆ ಮಾತ್ರ ಆಗಿರುವ ಕಡೆಗೆ ಚುಕ್ಕಿ ಗೆರೆ. ಒಂದೇ ಮಾಡಿ ಕೊಡಿ ಅಂತ ಕೇಳುವವರು ಇದ್ದೇ ಇರುತ್ತಾರೆ, ಆಗ ಗಟ್ಟಿ ಗೆರೆಯನ್ನೇ ಕೊಡುತ್ತೇನೆ.