ಮೂಕಿಭಾರ

ಪಿಕಪ್ ಹಿಂದೆ ಎಳೆದೊಯ್ಯುವ ಕ್ಯಾಂಪಿಂಗ್ ಟ್ರೇಲರ್ ಕೊಂಡ ವಾರವೇ ಅದನ್ನು ಪಿಕಪ್‌ಗೆ ಸಿಕ್ಕಿಸಿ ನೋಡುತ್ತಿದ್ದೆ. ಊರಿಂದ ಬಂದಿದ್ದ ಅಪ್ಪ ಡ್ರೈವ್‌ವೇಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಜಾಕಿ ಇಳಿಸುತ್ತ ಹೋದ ಹಾಗೆ ಪಿಕಪ್‌ನ ಹಿಂಬದಿ ಕುಸಿಯಿತು, ಮೂತಿ ಮೇಲೆದ್ದಿತು.

"ಮೂಕಿಭಾರ ಜಾಸ್ತಿ ಆಯ್ತು ಕಣೋ. ಸಾಮಾನೆಲ್ಲ ಹಿಂದಕ್ಕೆ ಜರುಗಿಸು" ಅಂದರು.

ಮಳವಳ್ಳಿ ಕಡೆ ವರ್ಷಗಟ್ಟಲೆ ಕಬ್ಬಿನ ಗಾಡಿ ಹೊಡೆದವರ ಮಾತು. ಮೂಕಿ ಅಂದರೆ ಗಾಡಿಯ ಮುಂದೆ ಚಾಚಿದ, ನೊಗ ಕಟ್ಟುವ ಮರ; ಟ್ರೇಲರ್‌ನಲ್ಲಿ ಪಿಕಪ್‌ಗೆ ಸಿಕ್ಕಿಸುವ ಮೂತಿ. ಇಲ್ಲಿ ಅರಿಜೋನಾದ ಚಾಂಡ್ಲರ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು ಬದುಕುವ ನಾನು ಎದುರಾಡಲಿಲ್ಲ. ಅಕ್ಕಿ ಮೂಟೆ, ನೀರಿನ ಬಾಟಲಿಗಳ ಕೇಸು, ಕುಕ್ಕರು, ಮಗಳ ಸೈಕಲ್ಲು, ಎಲ್ಲವೂ ಹಿಂದಿನ ಮಂಚದ ಕೆಳಗೆ ಹೋದವು. ನೀರಿನ ಟ್ಯಾಂಕೂ ಹಿಂದುಗಡೆಯೇ ಇತ್ತು, ಅದನ್ನೂ ತುಂಬಿಸಿದೆ. ಗ್ಯಾಲನ್ನಿಗೆ 8.3 ಪೌಂಡಿನ ಲೆಕ್ಕದಲ್ಲಿ 40 ಗ್ಯಾಲನ್ ಅಂದರೆ 330 ಪೌಂಡು ಬಾಲದಲ್ಲಿ ಕೂತಿತು. ಪಿಕಪ್ಪೇನೋ ನೆಟ್ಟಗೆ ನಿಂತಿತು. ನಮಗಿಬ್ಬರಿಗೂ ಖುಷಿ.

ಫ್ಲಾಗ್‌ಸ್ಟಾಫ್‌ಗೆ ಹತ್ತುವಾಗ ಏನೂ ಆಗಲಿಲ್ಲ. ಏರಿನಲ್ಲಿ ವೇಗ ಎಲ್ಲಿಂದ ಬರಬೇಕು? ವಾಪಸ್ ಬರುವಾಗ, ಐ-17 ಹೈವೇಯಲ್ಲಿ ಸನ್‌ಸೆಟ್ ಪಾಯಿಂಟ್ ದಾಟಿ ಇಳಿಜಾರು ಶುರುವಾದ ಜಾಗದಲ್ಲಿ ಉದ್ದನೆಯ ಟ್ರಕ್ಕೊಂದು ಪಕ್ಕದಲ್ಲಿ ಹಾದುಹೋಯಿತು. ಟ್ರೇಲರ್ ಮೊದಲು ಅದರ ಕಡೆ ವಾಲಿತು, ಆಮೇಲೆ ಈಚೆಗೆ. ಕನ್ನಡಿಯಲ್ಲಿ ಒಮ್ಮೆ ಎಡಮೂಲೆ, ಒಮ್ಮೆ ಬಲಮೂಲೆ, ಪ್ರತಿ ಸಲವೂ ಇನ್ನಷ್ಟು ದೊಡ್ಡದಾಗಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಬ್ರೇಕ್ ಕಂಟ್ರೋಲರ್‌ನ ಸಣ್ಣ ಲಿವರನ್ನು ಹೆಬ್ಬೆರಳಲ್ಲಿ ಒತ್ತಿದೆ. ಅದು ಟ್ರೇಲರ್ ಚಕ್ರಗಳಿಗೆ ಮಾತ್ರ ಬ್ರೇಕ್ ಹಾಕುತ್ತದೆ. ಹಿಂದಿನಿಂದ ಜಗ್ಗಿ ಹಿಡಿದ ಹಾಗಾಗಿ ಸಾಲಿಗೆ ಬಂತು. ಗಾಬರಿಯಲ್ಲಿ ಕಾಲಿನ ಬ್ರೇಕ್ ತುಳಿದಿದ್ದರೆ ಈ ಬರಹ ಬೇರೆ ಯಾರಾದರೂ ಬರೆಯಬೇಕಿತ್ತು.

ಬ್ಲ್ಯಾಕ್ ಕ್ಯಾನ್ಯನ್ ಸಿಟಿಯ ಪೆಟ್ರೋಲ್ ಬಂಕ್ ಬರುವವರೆಗೂ ಅಪ್ಪ ತುಟಿ ಬಿಚ್ಚಲಿಲ್ಲ. ಇಳಿದ ಮೇಲೆ, "ಹಿಂಭಾರ ಅತಿಯಾಯ್ತು. ಎತ್ತಾಗಿದ್ರೆ ಕೊರಳಿಗೆ ನೇಣು ಬೀಳ್ತಿತ್ತು" ಅಂದರು. ಸಲಹೆ ಕೊಟ್ಟವರು ಯಾರು ಅಂತ ನಾನು ಕೇಳಲಿಲ್ಲ.

ಎತ್ತಿನ ಗಾಡಿಯಲ್ಲಿ ಮೂಕಿ ಮೇಲೇಳದಿದ್ದರೆ ಸಾಕು, ಹೆಗಲಿನ ಭಾರ ಎಷ್ಟು ಕಡಿಮೆಯಾದರೆ ಎತ್ತಿಗೆ ಅಷ್ಟು ಸುಖ. ಟ್ರೇಲರ್‌ನಲ್ಲಿ ಹಾಗಲ್ಲ. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಮೂಕಿಯ ಮೇಲೆ ಇರಲೇಬೇಕು, ಇಲ್ಲದಿದ್ದರೆ ಬಾಲ ನಾಯಿಯನ್ನು ಆಡಿಸುತ್ತದೆ. ನಮ್ಮದು ತುಂಬಿದಾಗ 6,000 ಪೌಂಡು, ಅಂದರೆ ಸುಮಾರು 2,700 ಕಿಲೋ. ಮೂಕಿಯ ಮೇಲೆ 600ರಿಂದ 900 ಪೌಂಡು ಬೇಕು. ಆದರೆ ಅಷ್ಟು ಭಾರ ಪಿಕಪ್‌ನ ಹಿಂದಿನ ಆಕ್ಸಲ್‌ನಿಂದ ಐದಡಿ ಹಿಂದೆ ನೇತಾಡಿದರೆ, ಏತದ ಹಾಗೆ ಮುಂದಿನ ಚಕ್ರಗಳು ಹಗುರವಾಗುತ್ತವೆ. ತಿರುಗಿಸುವುದೂ, ಬಹುಪಾಲು ಬ್ರೇಕ್ ಹಿಡಿಯುವುದೂ ಆ ಚಕ್ರಗಳೇ. ಬಗ್ಗಿ ನೋಡಿದಾಗ ಕಂಡಿತು: ನನ್ನ ಪಿಕಪ್‌ನ ರಿಸೀವರ್ (ಟ್ರೇಲರ್ ಕೊಂಡಿ, ಅಂದರೆ ಹಿಚ್, ತೂರಿಸುವ ಚೌಕ ಕೊಳವೆ) ಮೇಲಿನ ಚೀಟಿಯಲ್ಲೇ, ಬರೀ ಬಾಲ್ (ಮೂಕಿ ಕೂರುವ ಉಕ್ಕಿನ ಗುಂಡು) ಮೇಲೆ 500 ಪೌಂಡು ಮಾತ್ರ, ಅದಕ್ಕಿಂತ ಹೆಚ್ಚಾದರೆ ಭಾರ ಹಂಚುವ ಹಿಚ್ ಬೇಕು ಅಂತ ಬರೆದಿತ್ತು. ಆ ಚೀಟಿಯ ಮೇಲೆ ಕೆಸರು ಕೂತಿತ್ತು.

ಹಾಗಾಗಿ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಬಂತು. ಬಾಲ್ ಕೂತಿರುವ ತಲೆಯಿಂದ ಎರಡು ಉಕ್ಕಿನ ಬಾರ್‌ಗಳು ಹೊರಟು ಟ್ರೇಲರ್‌ನ ಚೌಕಟ್ಟಿಗೆ ಬಿಗಿದ ಬ್ರಾಕೆಟ್ಟುಗಳ ಮೇಲೆ ಕೂರುತ್ತವೆ. ಬಾರು ಬಾಗಿದಷ್ಟೂ ಪಿಕಪ್‌ನ ಹಿಂದಿನ ಆಕ್ಸಲ್‌ನಿಂದ ಭಾರ ಎದ್ದು, ಒಂದಿಷ್ಟು ಮುಂದಿನ ಚಕ್ರಕ್ಕೆ, ಒಂದಿಷ್ಟು ಟ್ರೇಲರ್‌ನ ಚಕ್ರಕ್ಕೆ ಹೋಗುತ್ತದೆ. ಮೂಕಿಯ ಭಾರ ಹಂಚಿಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ತಪ್ಪಾಗಿ ಹೇರಿದ ಸಾಮಾನನ್ನೂ ಅದು ಸರಿಮಾಡುವುದಿಲ್ಲ.

ಕೂರಿಸಿಕೊಟ್ಟ ಅಂಗಡಿಯವನು ಹತ್ತಡಿ ದೂರ ನಿಂತು ಕಣ್ಣಳತೆಯಲ್ಲಿ ನೋಡಿ ಹೆಬ್ಬೆರಳು ತೋರಿಸಿದ. ಮನೆಗೆ ಬಂದು ಟೇಪು ಹಿಡಿದೆವು. ಸಮತಟ್ಟಾದ ಜಾಗದಲ್ಲಿ ನೆಲದಿಂದ ಪಿಕಪ್‌ನ ಮುಂದಿನ ಮಡ್‌ಗಾರ್ಡಿನ ಅಂಚಿಗೆ, ಚಕ್ರದ ನಡುಮಧ್ಯದ ಮೇಲೆ ಹಾಯಿಸಿ ಅಳೆಯಬೇಕು. ಟ್ರೇಲರ್ ಇಲ್ಲದೆ 37 ಇಂಚು. ಬಾರ್ ಹಾಕದೆ ಸಿಕ್ಕಿಸಿದಾಗ 38. ಬಾರ್ ಹಾಕಿದ ಮೇಲೆ 37¾. ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಇಳಿದದ್ದು ಕಾಲಿಂಚು! ನನ್ನ ಪಿಕಪ್‌ನ ಕೈಪಿಡಿ, ಮೇಲೆದ್ದದ್ದರಲ್ಲಿ ಅರ್ಧ ಇಳಿಸಿ ಅನ್ನುತ್ತದೆ, ಅಂದರೆ 37½. ಪೂರ್ತಿ ಇಳಿಸಿದರೆ ಹಿಂದಿನ ಚಕ್ರ ಬೇಕಾದ್ದಕ್ಕಿಂತ ಹಗುರವಾಗುತ್ತದೆ. ನಿಮ್ಮ ಗಾಡಿಗೆ ನಿಮ್ಮ ಕೈಪಿಡಿ ಏನು ಹೇಳುತ್ತದೋ ಅದೇ ಸರಿ. ಹಿಂಬದಿ ನೆಟ್ಟಗಿದೆಯಾ ಅಂತ ಎಲ್ಲರೂ ನೋಡುತ್ತಾರೆ. ನನಗೀಗ ಅದರ ಮೇಲೆ ನಂಬಿಕೆಯಿಲ್ಲ, ಅಕ್ಕಿ ಮೂಟೆಯೂ ಅದನ್ನು ನೆಟ್ಟಗೆ ಮಾಡಿತ್ತು.

ಬಾರ್‌ನ ಬಿಗಿ ಹೆಚ್ಚಿಸಲು ಹಿಚ್‌ನ ತಲೆಯನ್ನು ಹಿಂದಕ್ಕೆ ವಾಲಿಸಬೇಕು. ಅದಕ್ಕೆ ತಲೆಯೊಳಗಿನ ಪಿನ್ನಿಗೆ ವಾಷರ್ ಸೇರಿಸಬೇಕು. ಅಂಗಡಿಯವನು ಐದು ಹಾಕಿದ್ದ. ಎಲ್ಲ ಕಳಚಿ, ದಪ್ಪ ಬೋಲ್ಟು ಬಿಚ್ಚಿ ಇನ್ನೊಂದು ತೂರಿಸಿದೆ, ಬಂದದ್ದು 37⅝. ಮತ್ತೆ ಬಿಚ್ಚಿ ಏಳನೆಯದು. ಜೂನ್ ತಿಂಗಳ ಬಿಸಿಲಿಗೆ ಬೆಳಗಿನ ಎಂಟಕ್ಕೇ ಸ್ಪ್ಯಾನರ್ ಕೈ ಸುಡುತ್ತಿತ್ತು. ಟ್ರೇಲರ್ ಬಾಲ್‌ಗೆ ಕೂತು ಲಾಕ್ ಆದ ಮೇಲೆ ಜಾಕಿಯಿಂದ ಮೂಕಿಯನ್ನು ಮತ್ತೆ ಎತ್ತಬೇಕು, ಜೊತೆಗೆ ಪಿಕಪ್‌ನ ಹಿಂಬದಿಯೂ ಏಳುತ್ತದೆ. ಆಗ ಬಾರು ಬ್ರಾಕೆಟ್ ಮೇಲೆ ಕೈಯಲ್ಲಿ ತಳ್ಳಿದರೆ ಕೂರುತ್ತದೆ. ನಾನು ಎತ್ತುವ ಗೋಜಿಗೆ ಹೋಗದೆ ಸಲಾಕೆಯಿಂದ ಮೀಟಿದೆ. ಬಾರು ಜಾರಿ ಮೊಣಕಾಲ ಕೆಳಗೆ ಬಡಿಯಿತು. ಗುರುತು ಇನ್ನೂ ಇದೆ.

ಏಳು ವಾಷರಿಗೆ ಸರಿಯಾಗಿ 37½ ಬಂತು. ಅಪ್ಪ ಎರಡೆರಡು ಸಲ ಅಳೆದರು.

ಆದರೂ ಟೇಪು ತೂಕ ಹೇಳುವುದಿಲ್ಲ. ಹೈವೇಯ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ ಹೋದೆವು. ನಮ್ಮೂರ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನಂತೆಯೇ, ಆದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಅಂತ ಬೇರೆ ಬೇರೆ ಹಾಸು. 24 ಗಂಟೆಯೊಳಗೆ ಮತ್ತೆ ತೂಗಿಸಿದರೆ ದರ ಕಡಿಮೆ, ಹಾಗಾಗಿ ಮೂರು ಸಲ ತೂಗಿಸಿದೆ. ಬರೀ ಪಿಕಪ್: ಮುಂದೆ 2,940, ಹಿಂದೆ 2,360. ಬಾರ್ ಇಲ್ಲದೆ ಟ್ರೇಲರ್ ಸಮೇತ: 2,640, 3,420, ಟ್ರೇಲರ್ ಚಕ್ರಕ್ಕೆ 5,240. ಬಾರ್ ಹಾಕಿ: 2,780, 3,180, 5,340. ಬಾರ್ ಇಲ್ಲದಾಗ ಪಿಕಪ್‌ಗೆ ಕೂಡಿದ್ದು 760 ಪೌಂಡು, ಅದೇ ಮೂಕಿಭಾರ. ಮುಂದಿನ ಆಕ್ಸಲ್ ಕಳೆದುಕೊಂಡ 300ರಲ್ಲಿ 140 ವಾಪಸ್ಸು. ಅರ್ಧಕ್ಕೆ ಹತ್ತು ಪೌಂಡು ಕಡಿಮೆ, ಇರಲಿ. ಮಗಳು ಚೀಟಿಗಳನ್ನು ಫ್ರಿಜ್ಜಿಗೆ ಅಂಟಿಸಿದಳು.

ಇನ್ನೊಂದು ಲೆಕ್ಕ, ಜನ-ಸಾಮಾನು ಸೇರಿ ಪಿಕಪ್ ಎಷ್ಟು ಪೌಂಡು ಹೊರಬಹುದು ಅನ್ನುವುದು, ಡ್ರೈವರ್ ಬಾಗಿಲ ಕಂಬದ ಹಳದಿ-ಬಿಳಿ ಚೀಟಿಯಲ್ಲಿದೆ. ನಮ್ಮದರಲ್ಲಿ 1,640. ನಾಲ್ಕು ಜನ 580, ಹಿಚ್ ತಾನೇ 100, ಮೂಕಿ 760. ಉಳಿದದ್ದು 200. ಸೌದೆ, ಐಸ್‌ಬಾಕ್ಸ್ ಅಂತ ಹೆಂಡತಿ ತರುತ್ತಿದ್ದ ಹಾಗೆಯೇ ನಾನು ಬಾಯಲ್ಲೇ ಕೂಡುತ್ತ ನಿಂತಿರುತ್ತೇನೆ. ಅವಳಿಗೆ ಕೋಪ ಬರುವುದರಲ್ಲಿ ತಪ್ಪಿಲ್ಲ.

ಮುಂದಿನ ವಾರ ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ಗೆ ಹೋದೆವು. ಅಲ್ಲಿ ಟ್ರೇಲರ್ ವಿಲೇಜ್‌ನಲ್ಲಿ ನಲ್ಲಿ ನೀರು ಸಿಗುವುದರಿಂದ ಟ್ಯಾಂಕ್ ಖಾಲಿ, ಅಕ್ಕಿ ಮೂಟೆ ಆಕ್ಸಲ್‌ಗಿಂತ ಮುಂದೆ. ಟ್ರಕ್ಕುಗಳು ಹಾದುಹೋದವು, ಟ್ರೇಲರ್ ಸ್ವಲ್ಪ ನೂಕಿಸಿಕೊಂಡು ಸುಮ್ಮನಾಯಿತು. ಕ್ಯಾಂಪಿನ ಒಳಗೆ ನಿಧಾನಕ್ಕೆ ತಿರುಗಿಸುವಾಗ ಮಾತ್ರ ಬಾರುಗಳು ಬ್ರಾಕೆಟ್ಟಿಗೆ ಉಜ್ಜಿ ಕಿರ್ರೋ ಅಂದವು, ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ತಿರುಗಿ ನೋಡಿದರು.

"ಕೀಲೆಣ್ಣೆ ಹಾಕಿಲ್ವೇನೋ?" ಅಂದರು ಅಪ್ಪ.

"ಅಲ್ಲಿಗೆ ಹಾಕಬಾರದಪ್ಪಾ, ಆ ಉಜ್ಜಾಟವೇ ಬಾಲ ಆಡದ ಹಾಗೆ ಹಿಡಿಯೋದು."

ಅವರಿಗೆ ನಂಬಿಕೆ ಬರಲಿಲ್ಲ. ಸಂಜೆ ಬಾರ್ ಕಳಚಿದ ಮೇಲೆ ನೋಡಿದರೆ, ಗ್ರೀಸ್ ಡಬ್ಬಿ ಹುಡುಕುತ್ತಿದ್ದರು.