ರಾಯಲ್ ಒಪೆರಾ ಹೌಸ್ ಮಾದರಿ: ಗುಮ್ಮಟ ಕೂತಿತು

ಮುಂಬೈನ ಹಳೆಯ ರಂಗಮಂದಿರ ರಾಯಲ್ ಒಪೆರಾ ಹೌಸ್‌ನ ಪುಟ್ಟ ಮಾದರಿಯೊಂದನ್ನು ಮಾಡುತ್ತಿದ್ದೇನೆ. ಅದರಲ್ಲಿ ಈ ತಿಂಗಳು ಒಳಗಿನ ಗುಮ್ಮಟ ಮುಗಿಯಿತು. ಅಳತೆ 1:50. ಅಲ್ಲಿನ ಒಂದು ಮೀಟರ್ ಇಲ್ಲಿ 2 ಸೆಂ.ಮೀ. ಗೋಡೆ, ಬಾಲ್ಕನಿ ಸನ್‌ಬೋರ್ಡ್‌ನಲ್ಲಿ (ಹಗುರವಾದ ಫೋಮ್ ಹಲಗೆ) ಮೊದಲೇ ಎದ್ದಿದ್ದವು.

ಗುಮ್ಮಟಕ್ಕೆ ಸ್ಟೀಲ್ ಬೋಗುಣಿ ಬೋರಲು ಹಾಕಿ, ಪೇಪರ್ ಪಟ್ಟಿಗಳನ್ನು ಫೆವಿಕಾಲ್ ಹಚ್ಚಿ ಪದರ ಪದರವಾಗಿ ಅಂಟಿಸಿದೆ. ಕಲಬುರಗಿ ಬಿಸಿಲಿಗೆ ಮೇಲಿನ ಪದರ ಬೇಗ ಒಣಗಿ ಅಂಚು ಏಳುತ್ತದೆ. ಅದಕ್ಕೇ ಒಳಕೋಣೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ನಿಧಾನಕ್ಕೆ ಒಣಗಿಸಿದೆ. ಅಸಲಿ ಗುಮ್ಮಟದಲ್ಲಿ ಎಂಟು ಭಾಗಗಳಿವೆ, ಕವಿಗಳಿಗೂ ನಾಟಕಕಾರರಿಗೂ ಸಲ್ಲಿಸಿದ ಗೌರವ ಅದು. ಆದರೆ ಬರೀ ಚಂದಕ್ಕಲ್ಲ. ಈ ಚಾವಣಿಯಿಂದಾಗಿ ವೇದಿಕೆಯ ಮಾತು ಮೇಲಿನ ಗ್ಯಾಲರಿಯವರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಮರಾಠಿ ರಂಗಭೂಮಿಯ ಹೆಸರಾಂತ ಗಾಯಕ ನಟ ಬಾಲಗಂಧರ್ವರು ಹಾಡಿದ ಜಾಗ ಅಲ್ವಾ ಅದು! ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದರ ಬೆಲೆ ಗೊತ್ತು.

ಬಂಗಾರದ ಬಣ್ಣ ಹಚ್ಚುವಾಗ ಪಕ್ಕದ ಓಣಿಯ ಬೋರ್ಡ್ ಬರೆಯುವ ಕಾಕಾ ಬಂದಿದ್ದರು. "ಜಾಸ್ತಿ ಹಚ್ಚಬ್ಯಾಡಪಾ, ಲೈಟ್ ಹಾಕಿದ್ರ ಕಣ್ಣಿಗಿ ಹೊಡೀತದ" ಅಂದರು. ಹೌದು, ತೆಳುವಾಗಿ ಹಚ್ಚಿದ್ದೇ ಚೆನ್ನಾಗಿ ಕಾಣುತ್ತಿದೆ. ಮೊಗಸಾಲೆಯ ತೂಗುದೀಪಗಳಿಗೆ ಸೂಪರ್ ಮಾರ್ಕೆಟ್‌ನಲ್ಲಿ ಗಾಜಿನ ಮಣಿ ಸಿಕ್ಕವು. ಅಸಲಿ ದೀಪಗಳನ್ನು ಕೊಟ್ಟಿದ್ದು ಡೇವಿಡ್ ಸಸೂನ್ ಮನೆತನ.

ಯಾವ ಕಾಲದ ಕಟ್ಟಡ ಮಾಡಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಅದನ್ನು ಕಲ್ಕತ್ತೆಯಲ್ಲಿ ನಾಟಕ, ಮನರಂಜನೆ ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ವ್ಯಾಪಾರದ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಸೇರಿ ಕಟ್ಟಿಸಿದ್ದು. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದಾಗ ಕೆಲಸ ಇನ್ನೂ ಬಾಕಿ ಇತ್ತು. 1930ರ ದಶಕದಲ್ಲಿ ಅದು ಸಿನಿಮಾ ಥಿಯೇಟರ್ ಆಯಿತು. 1952ರಲ್ಲಿ ಗೊಂಡಲ್ ರಾಜಮನೆತನ ಕೊಂಡುಕೊಂಡಿತು. 1993ರಲ್ಲಿ ಬಾಗಿಲು ಮುಚ್ಚಿತು. ಹಳೆಯ ಕಟ್ಟಡಗಳನ್ನು ಉಳಿಸುವ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡ ವರ್ಷಗಟ್ಟಲೆ ದುಡಿದು ಅದನ್ನು ದುರಸ್ತಿ ಮಾಡಿತು. 2016ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೊ ಪ್ರಶಸ್ತಿಯೂ ಬಂತು.

ನಾನು 2016ರ ರೂಪವನ್ನೇ ಮಾಡುತ್ತಿದ್ದೇನೆ. ಆದರೆ ಸಿನಿಮಾದ ಕಾಲವನ್ನು ಬಿಡಲು ಮನಸ್ಸಿಲ್ಲ, ಅಷ್ಟು ದಶಕ ಜನ ಅಲ್ಲಿ ಕೂತು ಸಿನಿಮಾ ನೋಡಿದ್ದಾರೆ. ದುರಸ್ತಿ ಮಾಡುವವರು ಒಂದು ಕಾಲವನ್ನು ಆರಿಸಲೇಬೇಕು. ಮಾದರಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ಮುಂಭಾಗಕ್ಕೆ ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ತೆಗೆಯುವಂಥ ಪೋಸ್ಟರ್ ಫಲಕ ಮಾಡುತ್ತಿದ್ದೇನೆ. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್‌ಗಳಿಗೆ ಹೊಸ ಜೀವ ಕೊಟ್ಟ ಎಸ್. ಎಂ. ಪಂಡಿತರು ನಮ್ಮೂರಿನವರು. ಆ ಫಲಕದ ಬಣ್ಣಗಳನ್ನು ಅವರ ಚಿತ್ರಗಳನ್ನು ನೋಡಿಯೇ ಆರಿಸುತ್ತಿದ್ದೇನೆ.

ಮುಂದಿನ ಕೆಲಸ ಸೀಟುಗಳು. ಅಸಲಿಯಲ್ಲಿ ಈಗ 575 ಇವೆ. ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ತೆಗೆಯಬೇಕು. ಅಚ್ಚಿಗೆ ಎಂಸೀಲ್ (ಕಲಸಿಟ್ಟರೆ ಗಟ್ಟಿಯಾಗುವ ಪುಟ್ಟಿ) ತಂದಿಟ್ಟಿದ್ದೇನೆ.