ಕುಮ್ಕಿ, ಅಳಿಯಸಂತಾನ ಮತ್ತು ಲಂಡನ್ನಿನ ವಕೀಲರು

ಕಾಸರಗೋಡಿನಲ್ಲಿ ನಾನು ಮಾಡುವುದು ಸಿವಿಲ್ ವಕೀಲಿಕೆ. ಹಾಗೆಂದು ಹೇಳಿಕೊಳ್ಳುವುದು ಅಷ್ಟೆ. ವಿದ್ಯಾನಗರದ ಕೋರ್ಟಿನಲ್ಲಿ ಬೆಳಿಗ್ಗೆ ದಾರಿ ತಕರಾರಿನ ಇಂಜಂಕ್ಷನ್, ಅದು ಮುಗಿಯುವುದರೊಳಗೆ ಪಕ್ಕದ ಹಾಲಿನಲ್ಲಿ ಚೆಕ್ ಬೌನ್ಸ್, ಊಟದ ನಂತರ ಬೈಕ್ ಅಪಘಾತದ ಪರಿಹಾರ, ಸಂಜೆ ಆಫೀಸಿನಲ್ಲಿ ಗಂಡ ಹೆಂಡತಿಯ ಪಂಚಾತಿಗೆ. ಬಂದದ್ದನ್ನು ಬೇಡ ಅನ್ನುವ ಸ್ಥಿತಿಯಲ್ಲಿ ನಾವು ಯಾರೂ ಇಲ್ಲ. ನಿಮ್ಮ ಪ್ರಾಕ್ಟೀಸ್ ಏರಿಯಾ ಯಾವುದು ಅಂತ ಕೇಳಿದರೆ "ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗೆ" ಅನ್ನುವವರು ನಮ್ಮಲ್ಲಿದ್ದಾರೆ.

ಇಂಥ ನನಗೆ ಕಳೆದ ಮಳೆಗಾಲದಲ್ಲಿ ಲಂಡನ್ನಿನ ದೊಡ್ಡದೊಂದು ಲಾ ಫರ್ಮಿನ ಕೆಲಸ ಬಂತು. ಹೆಸರು ಹೇಳುವ ಹಾಗಿಲ್ಲ, ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದೇನೆ. ಕಕ್ಷಿದಾರರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನೂ ಅಲ್ಲಿ ಇಲ್ಲಿ ಬದಲಿಸಿದ್ದೇನೆ.

ಕುಂಬಳೆ ಕಡೆಯ ಒಬ್ಬರು ಶೆಟ್ರು ದುಬೈಯಲ್ಲಿ ಕೋಲ್ಡ್ ಸ್ಟೋರೇಜ್ ವ್ಯಾಪಾರ ಮಾಡಿ ಮೇಲೆ ಬಂದವರು. ಬ್ರಿಟನ್ನಿನ ಹೂಡಿಕೆದಾರರು ಅವರ ಕಂಪನಿಯಲ್ಲಿ ಪಾಲು ತಗೊಳ್ಳುವವರಿದ್ದರು. ಊರಿನಲ್ಲಿ ಶೆಟ್ರ ಕುಟುಂಬದ ಜಾಗ, ಅದರಲ್ಲೊಂದು ಗೋದಾಮು, ಅದೂ ವ್ಯವಹಾರದ ಪಟ್ಟಿಯಲ್ಲಿ ಸೇರಿತ್ತು. ಹೂಡಿಕೆದಾರರ ಪರವಾಗಿ ಲಂಡನ್ನಿನ ಫರ್ಮು. ಆದರೆ ನಮ್ಮ ದೇಶದ ಕಾನೂನಿನ ಮೇಲೆ ಅವರು ಅಭಿಪ್ರಾಯ ಕೊಡುವಂತಿಲ್ಲ. 2018ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಎ.ಕೆ. ಬಾಲಾಜಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ವಿದೇಶಿ ವಕೀಲರು ಆಗೊಮ್ಮೆ ಈಗೊಮ್ಮೆ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು, ಇಲ್ಲಿ ಕೂತು ವಕೀಲಿಕೆ ನಡೆಸುವಂತಿಲ್ಲ. 2023ರಲ್ಲಿ ಬಾರ್ ಕೌನ್ಸಿಲ್ ನೋಂದಣಿಯ ನಿಯಮ ತಂದು ಬಾಗಿಲನ್ನು ಸ್ವಲ್ಪ ತೆರೆದಿದೆ, ಆದರೂ ನಮ್ಮ ಕೋರ್ಟಿಗೂ ನಮ್ಮ ಭೂಮಿಯ ಕಾಗದಕ್ಕೂ ನಮ್ಮವರೇ ಬೇಕು. ಹಾಗಾಗಿ ಕೆಲಸ ಲಂಡನ್ನಿನಿಂದ ಮುಂಬೈಯ ಫರ್ಮಿಗೆ, ಮುಂಬೈಯಿಂದ ಕೊಚ್ಚಿಯ ನನ್ನ ಸಹಪಾಠಿಗೆ ಬಂತು. ಆಕೆ ಫೋನು ಮಾಡಿ, "ನಿಮ್ಮ ಕಡೆಯ ಕಾಗದ ಪೂರಾ ಕನ್ನಡದಲ್ಲಿದೆ ಮಾರಾಯ್ತಿ, ನನ್ನಿಂದಾಗುವುದಿಲ್ಲ" ಅಂದಳು.

ಕಾಗದ ಕನ್ನಡದಲ್ಲಿ ಇರದೆ ಇನ್ನೇನು? 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಳೆಯ ದಸ್ತಾವೇಜುಗಳೆಲ್ಲ ಕನ್ನಡ, ಆಮೇಲಿನವು ಮಲಯಾಳ, ನನ್ನ ವರದಿ ಇಂಗ್ಲಿಷಿನಲ್ಲಿ. ಕೈಗೆ ಬಂದ ಕಟ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 1951ರ ಒಂದು ಪಾಲುಪಟ್ಟಿ. ಬಂಟರ ಕುಟುಂಬ, ಅಳಿಯಸಂತಾನ, ಅಂದರೆ ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಇಳಿಯುವ ಪದ್ಧತಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವ ಮೊದಲು ಇಂಥ ಕುಟುಂಬದಲ್ಲಿ ಪಾಲು ಬೇಕೆಂದು ಒಬ್ಬರೇ ಹಠ ಹಿಡಿಯುವ ಹಾಗಿರಲಿಲ್ಲ, ಎಲ್ಲರೂ ಒಪ್ಪಬೇಕಿತ್ತು. ಕಾಯ್ದೆ ಬಂದ ಮೇಲೆ ಕವರುಗಳು, ಅಂದರೆ ಕುಟುಂಬದ ಕವಲುಗಳು, ಬೇರೆಯಾದವು. ಪಟ್ಟಿಯಲ್ಲಿ ಒಬ್ಬ ಅಣ್ಣನ ಪಾಲಿನ ಎದುರು "ಜೀವಾವಧಿಗೆ ಮಾತ್ರ" ಅಂತ ಬರೆದಿತ್ತು. ನಿಸ್ಸಂತತಿ ಕವರು, ಸಂತತಿ ಮುಂದುವರಿಸುವ ಹೆಣ್ಣಿಲ್ಲದ ಕವಲು. ಅವರ ಕಾಲಾನಂತರ ಆ ಪಾಲು ಎಲ್ಲಿಗೆ ಹೋಯಿತು ಅನ್ನುವುದೇ ಕಗ್ಗಂಟು. ನಮ್ಮ ಗುಮಾಸ್ತರು ಸಬ್ ರಿಜಿಸ್ಟ್ರಾರ್ ಆಫೀಸಿಗೂ ವಿಲೇಜ್ ಆಫೀಸಿಗೂ ಕೊಡೆ ಹಿಡಿದು ಅಲೆದು ಇ.ಸಿ. (ಋಣಭಾರ ಪತ್ರ), ತೀರ್ವೆ ರಶೀದಿ, ಸ್ಕೆಚ್ಚು ಎಲ್ಲ ಒಟ್ಟು ಮಾಡಿದರು.

ವರದಿ ಕಳಿಸಿದ ಮೇಲೆ ವಿಡಿಯೋ ಕಾಲ್ ಅಂತ ಹೇಳಿದರು. ನಮಗೆ ಮಧ್ಯಾಹ್ನ ಎರಡೂವರೆ, ದುಬೈಯಲ್ಲಿ ಒಂದು, ಲಂಡನ್ನಿನಲ್ಲಿ ಬೆಳಿಗ್ಗೆ ಹತ್ತು, ಸಿಂಗಾಪುರದಲ್ಲಿ ಸಂಜೆ ಐದು. ಕರೆಂಟು ಹೋದರೆ ಅಂತ ಇನ್ವರ್ಟರಿನ ನೀರು ನೋಡಿಟ್ಟಿದ್ದೆವು. ಪರದೆಯ ಮೇಲೆ ಒಂದೊಂದೇ ಚೌಕ ತೆರೆಯುತ್ತಾ ಹೋಯಿತು. ಒಬ್ಬ ವಕೀಲರ ಜೊತೆ ಮಾತು ಅಂದುಕೊಂಡಿದ್ದ ಗುಮಾಸ್ತರು ಪಿಸುಗುಟ್ಟಿದರು: "ಮೇಡಂ, ಇದೇನು ಬಾರ್ ಅಸೋಸಿಯೇಷನ್ ಮೀಟಿಂಗಾ?"

ಎಲ್ಲರೂ ಒಂದೇ ಫರ್ಮಿನವರು, ಮುಂಬೈಯವರೂ ನಾನೂ ಮಾತ್ರ ಹೊರಗಿನವರು. ಕಂಪನಿ ವ್ಯವಹಾರದ ಹಿರಿಯ ಪಾಲುದಾರರು ಲಂಡನ್ನಿನಿಂದ, ಸಾಲ ಮತ್ತು ಅದರ ಭದ್ರತೆ ನೋಡುವಾಕೆ ದುಬೈಯಿಂದ. ತೆರಿಗೆಗೆ ಒಬ್ಬರು, ಕಾರ್ಮಿಕ ಕಾನೂನಿಗೆ ಒಬ್ಬರು, ಸ್ಥಿರಾಸ್ತಿಗೆ ಒಬ್ಬ ಹುಡುಗ. ಮುಂದೆ ಜಗಳವಾದರೆ ಎಲ್ಲಿ ಹೇಗೆ ಅಂತ ಯೋಚಿಸಲಿಕ್ಕೆ ಸಿಂಗಾಪುರದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ವಕೀಲರು. ಇನ್ನೊಬ್ಬಾಕೆ ಮಾತಾಡದೆ ಟಿಪ್ಪಣಿ ಮಾಡುತ್ತಾ ಕೂತಿದ್ದಳು. ಆಕೆಯ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಸ್ಥಿರಾಸ್ತಿಯ ಹುಡುಗ ಸ್ಕೆಚ್ಚಿನಲ್ಲಿ ಗೋದಾಮಿನ ಹಿಂದಿನ ನೆಲದ ಪಟ್ಟೆಯನ್ನು ತೋರಿಸಿ, ಇದು ಕುಟುಂಬದ ಜಾಗವೇ ಅಂತ ಕೇಳಿದ.

"ಅಲ್ಲ, ಕುಮ್ಕಿ."

"ಅಂದರೆ ಸರಕಾರದ್ದೇ?"

"ಹೌದು, ಸರಕಾರದ್ದೇ."

"ಮತ್ತೆ ಅಲ್ಲಿ ಗೇಟು ಹಾಕಿದ್ದು ಯಾರು?"

"ಇವರೇ."

ಕದೀಂ ವರ್ಗದ, ಅಂದರೆ ಹಳೆಯ ಕಾಲದಿಂದ ತೀರ್ವೆ ಕಟ್ಟುತ್ತಾ ಬಂದ ಹಿಡುವಳಿಯ, ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿಗೆ ವರ್ಗದಾರನಿಗೆ ಸವಲತ್ತು ಉಂಟು, ಒಡೆತನ ಇಲ್ಲ ಅಂತ ವಿವರಿಸಿದೆ. ನಮ್ಮಲ್ಲಿ ತಲೆಮಾರುಗಳಿಂದ ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಆತ ಎರಡು ನಿಮಿಷದಲ್ಲಿ ಕೇಳಿ ಮುಗಿಸಿದ್ದ. ಲಾರಿ ಬರುವುದು ಆ ಗೇಟಿನಿಂದಲೇ ಅಂತ ಗೊತ್ತಾದ ಕೂಡಲೇ ದುಬೈಯಾಕೆ ತಲೆ ಎತ್ತಿದಳು. ದಾರಿ ಇಲ್ಲದ ಗೋದಾಮನ್ನು ಅಡವು ಇಟ್ಟುಕೊಂಡು ಬ್ಯಾಂಕು ಏನು ಮಾಡಬೇಕು? ಅದೇ ಉಸಿರಿನಲ್ಲಿ ಇನ್ನೊಂದು ಕೇಳಿದಳು: ದಸ್ತಾವೇಜು ಠೇವಣಿ ಇಟ್ಟು ಅಡವು ಮಾಡುವುದಾದರೆ ಅದನ್ನು ಯಾವ ಊರಿನಲ್ಲಿ ಕೈಗೆ ಕೊಡುತ್ತೀರಿ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನ ಪ್ರಕಾರ ಜಾಗ ಎಲ್ಲಿದ್ದರೂ ಸರಿ, ಪತ್ರ ಕೈ ಬದಲಾಗುವುದು ಮುಂಬೈ, ಕಲ್ಕತ್ತ, ಮದ್ರಾಸು ಅಥವಾ ಸರಕಾರ ಹೆಸರಿಸಿದ ಪಟ್ಟಣದಲ್ಲೇ ಆಗಬೇಕು. ಪುಸ್ತಕದಲ್ಲಿ ಓದಿದ್ದೆ. ದುಬೈಯಲ್ಲಿ ಕೂತವಳ ಬಾಯಲ್ಲಿ ಕೇಳುತ್ತೇನೆಂದು ಎಣಿಸಿರಲಿಲ್ಲ.

ಕಾರ್ಮಿಕ ಕಾನೂನಿನವರು ಗೋದಾಮಿನಲ್ಲಿ ಲೋಡಿಂಗ್ ಯಾರು ಮಾಡುತ್ತಾರೆ ಅಂತ ಕೇಳಿದಾಗ ನಗು ತಡೆದುಕೊಂಡೆ. ಕೇರಳದಲ್ಲಿ ಗೋದಾಮು ಅಂದರೆ ಮೊದಲು ಕೇಳಬೇಕಾದದ್ದೇ ಅದು. 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಅವರಿಗೆ ಗೊತ್ತಿತ್ತು, ಮುಟ್ಟದ ಹೊರೆಗೂ ಕೂಲಿ ಕೇಳುವ ನೋಕ್ಕುಕೂಲಿಯೂ ಗೊತ್ತಿತ್ತು. ಅದನ್ನು ಸರಕಾರ 2018ರಲ್ಲಿ ನಿಲ್ಲಿಸಿದೆ ಅಂದೆ. "ಕಾಗದದಲ್ಲೋ, ಗೋದಾಮಿನಲ್ಲೋ?" ಅಂದರು. ನಮ್ಮ ಗುಮಾಸ್ತರಿಗೆ ಆ ಮನುಷ್ಯನ ಮೇಲೆ ಒಮ್ಮೆಲೇ ಗೌರವ ಬಂತು.

ಸಿಂಗಾಪುರದವರ ಪ್ರಶ್ನೆ ನಮ್ಮ ಊರಿನ ಎಷ್ಟೋ ಮನೆಗಳಿಗೆ ಸಂಬಂಧಪಟ್ಟದ್ದು. ಯುಎಇಯ ಕೋರ್ಟುಗಳ ಡಿಕ್ರಿಯನ್ನು ಇಲ್ಲಿ ಹೊಸ ದಾವೆ ಹೂಡದೆ ನೇರವಾಗಿ ಜಿಲ್ಲಾ ಕೋರ್ಟಿನಲ್ಲಿ ಜಾರಿ ಮಾಡಿಸಬಹುದು ಅಂತ ಕೇಂದ್ರ ಸರಕಾರ 2020ರ ಜನವರಿ 17ರಂದು ಅಧಿಸೂಚನೆ ಹೊರಡಿಸಿದೆ. ಅಲ್ಲಿ ಸಾಲ ಮಾಡಿ ಇಲ್ಲಿಗೆ ಬಂದು ಕೂತರೆ ಆಯಿತು ಅನ್ನುವ ಕಾಲ ಹೋಯಿತು ಅಂತ ಕಕ್ಷಿದಾರರಿಗೆ ನಾನೇ ಹೇಳುತ್ತಿರುತ್ತೇನೆ. ಆದರೂ ಸಿಂಗಾಪುರದವರ ಒಲವು ಮಧ್ಯಸ್ಥಿಕೆಯ ಕಡೆಗೇ ಇತ್ತು. 1958ರ ನ್ಯೂಯಾರ್ಕ್ ಒಪ್ಪಂದದ ಬಲದಲ್ಲಿ ಲಂಡನ್ನಿನ ಮಧ್ಯಸ್ಥಿಕೆಯ ತೀರ್ಪನ್ನು ಇಲ್ಲೂ ದುಬೈಯಲ್ಲೂ ಜಾರಿ ಮಾಡಿಸಬಹುದಲ್ಲ. "ನಿಮ್ಮ ಜಿಲ್ಲಾ ಕೋರ್ಟಿನಲ್ಲಿ ಡಿಕ್ರಿ ಜಾರಿಗೆ ಎಷ್ಟು ಸಮಯ ಹಿಡಿಯುತ್ತದೆ?" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪರದೆಯಲ್ಲಿ ಯಾರೂ ಮಾತಾಡಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಗೋದಾಮಿನ ಪಕ್ಕದ ಸರ್ವೆ ನಂಬರಿಗೆ. ಅಲ್ಲಿ ಈಗ ಇರುವುದು ಅಡಿಕೆ ತೋಟ. ವಿಲೇಜ್ ಆಫೀಸಿನ ರಿಜಿಸ್ಟರಿನಲ್ಲಿ ಮಾತ್ರ ಇನ್ನೂ ಗದ್ದೆ, ಅವರ ಲೆಕ್ಕದ 'ನಿಲಂ'. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲೂ, ಅಂದರೆ ಉಳಿಸಬೇಕಾದ ಗದ್ದೆಗಳ ಪಟ್ಟಿಯಲ್ಲೂ, ಸೇರಿತ್ತು. ಗೋದಾಮು ವಿಸ್ತರಿಸುವ ಯೋಜನೆ ಇದ್ದದ್ದು ಅದೇ ಜಾಗದಲ್ಲಿ. ಮುಂಬೈಯವರು ತಮ್ಮದನ್ನೂ ಸೇರಿಸಿದರು: ಹೊರದೇಶದಲ್ಲಿ ನೆಲೆಸಿದವರಿಗೆ ಕೃಷಿಭೂಮಿ ಪಿತ್ರಾರ್ಜಿತವಾಗಿ ಬರಬಹುದು, ಕ್ರಯಕ್ಕೆ ತಗೊಳ್ಳುವಂತಿಲ್ಲ, ವಿದೇಶಿ ಹಣದ ವ್ಯವಹಾರದಲ್ಲಿ ಈ ತುಂಡನ್ನು ಇಟ್ಟುಕೊಳ್ಳುವುದೇ ತಲೆನೋವು.

ಆಗ ನಾನು ಕಂಡದ್ದು ನಮ್ಮ ಯಕ್ಷಗಾನ ಮೇಳದ ರಂಗಸ್ಥಳ. ಲಂಡನ್ನಿನ ಹಿರಿಯರು ಭಾಗವತರ ಹಾಗೆ, ತಾವು ಕುಣಿಯಲಿಲ್ಲ, ಪದ ಎತ್ತಿಕೊಟ್ಟರು ಅಷ್ಟೆ. ಆ ಸರ್ವೆ ನಂಬರನ್ನು ವ್ಯವಹಾರದಿಂದ ಹೊರಗಿಟ್ಟರೆ? ತೆರಿಗೆಯವರು ಮೌಲ್ಯ ಕಡಿಮೆಯಾದರೆ ಎಲ್ಲಿ ಏನಾಗುತ್ತದೆ ಅಂತ ಹೇಳಿದರು. ದುಬೈಯಾಕೆ ಭದ್ರತೆಯ ಪಟ್ಟಿಯಿಂದ ಒಂದು ಸಾಲು ಹೊಡೆದು, ಬದಲಿಗೆ ಅಲ್ಲಿಯ ಕಂಪನಿಯ ಷೇರುಗಳ ಮೇಲೆ ಹೆಚ್ಚಿನ ಹಕ್ಕು ಕೇಳಿದಳು. ಗೇಟಿನ ವಿಷಯ ಇತ್ಯರ್ಥವಾಗುವವರೆಗೆ ಬೆಲೆಯಲ್ಲಿ ಒಂದು ಭಾಗವನ್ನು ತಡೆದಿಡುವ ಷರತ್ತನ್ನು ಇನ್ನೊಬ್ಬರು ಅಲ್ಲೇ ಬರೆದು ಪರದೆಗೆ ಹಾಕಿದರು. ಅರ್ಧ ಗಂಟೆಯೊಳಗೆ ಒಪ್ಪಂದದ ಸ್ವರೂಪವೇ ಬೇರೆಯಾಗಿತ್ತು. ಇಷ್ಟನ್ನೂ ನಾನೊಬ್ಬಳೇ ಯೋಚಿಸುವುದಾದರೆ ರಾತ್ರಿ ಹನ್ನೊಂದಕ್ಕೆ, ಮರುದಿನದ ಕ್ರಾಸ್ ಎಕ್ಸಾಮಿನೇಷನ್ ಪಕ್ಕಕ್ಕಿಟ್ಟು ಯೋಚಿಸಬೇಕು. ತೆರಿಗೆಯನ್ನಂತೂ ಮರೆತೇಬಿಡುತ್ತಿದ್ದೆ.

ಮಾತಾಡದೆ ಕೂತಿದ್ದಾಕೆ ಕೊನೆಗೆ ಬಾಯಿ ತೆರೆದಳು. ಅಳಿಯಸಂತಾನದಲ್ಲಿ ಜೀವಾವಧಿಯ ಪಾಲಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಏನಾಯಿತು, 1976ರಲ್ಲಿ ಕೇರಳ ಕೂಡುಕುಟುಂಬ ಪದ್ಧತಿಯನ್ನೇ ರದ್ದು ಮಾಡಿದ ಮೇಲೆ ಏನಾಯಿತು, ಎರಡನ್ನೂ ಬೇರೆ ಬೇರೆ ಬರೆದು ಕೊಡಬಹುದೇ ಅಂದಳು. ನಾನು ಬೆಚ್ಚಿಬಿದ್ದೆ. ಹಿಂದೊಮ್ಮೆ ಬೇರೆ ಯಾವುದೋ ವ್ಯವಹಾರದಲ್ಲಿ ಅಳಿಯಸಂತಾನದಂಥದ್ದೇ ಪದ್ಧತಿಯಾದ ಮರುಮಕ್ಕತ್ತಾಯದ ಬಗ್ಗೆ ಕೇರಳದ ವಕೀಲರು ಕೊಟ್ಟ ಟಿಪ್ಪಣಿಯನ್ನು ಕಕ್ಷಿದಾರರ ಹೆಸರು ತೆಗೆದು ಫರ್ಮಿನಲ್ಲಿ ಜೋಪಾನ ಮಾಡಿಟ್ಟಿದ್ದರಂತೆ. ಅದನ್ನು ಓದಿಕೊಂಡು ಬಂದಿದ್ದಳು. ಆಕೆ ಕಕ್ಷಿದಾರರ ಕೆಲಸ ಮಾಡುವವಳಲ್ಲ. ಮಾದರಿ ಕರಾರುಗಳು, ಹಳೆಯ ಅಭಿಪ್ರಾಯಗಳು, ಹೊಸ ತೀರ್ಪುಗಳು, ಇವನ್ನು ಒಪ್ಪ ಮಾಡಿ ಉಳಿದವರ ಕೈಗೆ ಕೊಡುವುದೇ ಆಕೆಯ ಉದ್ಯೋಗ. ಲಂಡನ್ನಿನ ದೊಡ್ಡ ಫರ್ಮುಗಳಲ್ಲಿ ಇಂಥ ವಕೀಲರು ಬೇಕಾದಷ್ಟು ಇದ್ದಾರೆ. ನನ್ನ ಮಟ್ಟಿಗೆ ಆ ಫರ್ಮಿನ ಅಸಲು ಬಲ ಆಕೆ. ನಮ್ಮಲ್ಲಿ ಹಿರಿಯ ವಕೀಲರೊಬ್ಬರು ತೀರಿಕೊಂಡರೆ ಕುಮ್ಕಿ, ಮೂಲಗೇಣಿ, ಕವರು ಎಲ್ಲ ಅವರ ಜೊತೆಗೇ ಹೋಗುತ್ತದೆ. ಕಡತಗಳನ್ನು ಮಕ್ಕಳು ಗುಜರಿಗೆ ಹಾಕಿದ್ದನ್ನು ಕಂಡಿದ್ದೇನೆ.

ಆ ಫರ್ಮಿನವರು ಹೀಗೆ ಒಟ್ಟಿಗೆ ಕೆಲಸ ಮಾಡುವುದಕ್ಕೆ ಇನ್ನೊಂದು ಕಾರಣ ದುಡ್ಡಿನದು. ಲಂಡನ್ನಿನ ಹಳೆಯ ಫರ್ಮುಗಳಲ್ಲಿ ಲಾಭದ ಪಾಲು ಹಿರಿತನದ ಮೇಲೆ ಹೋಗುವ ಪದ್ಧತಿ ಬೆಳೆದಿತ್ತು, ಕಕ್ಷಿದಾರನನ್ನು ಯಾರು ತಂದರು ಅನ್ನುವುದರ ಮೇಲಲ್ಲ. ಈಗ ಹಲವರು ಅದನ್ನು ಸಡಿಲ ಮಾಡಿದ್ದಾರೆ. ಆದರೆ ನನ್ನ ಕಕ್ಷಿದಾರನನ್ನು ಪಕ್ಕದ ಕೋಣೆಯವನಿಗೆ ತೋರಿಸಿದರೆ ನನಗೆ ನಷ್ಟ ಅನ್ನುವ ಭಯ ಇಲ್ಲದ ಕಡೆ ಮಾತ್ರ ಇಷ್ಟು ಇಲಾಖೆಗಳು ಒಟ್ಟಿಗೆ ಕೂರುತ್ತವೆ. ನಮ್ಮ ಬಾರಿನಲ್ಲಿ ಆ ಭಯ ಎಷ್ಟಿದೆ ಅಂತ ಬರೆದರೆ ನಾಳೆ ಕ್ಯಾಂಟೀನಿಗೆ ಹೋಗುವುದು ಕಷ್ಟ.

ಹಾಗಂತ ಫರ್ಮಿನ ದೊಡ್ಡ ಹೆಸರಿಗೆ ಮರುಳಾಗಬೇಕಿಲ್ಲ. ಚೇಂಬರ್ಸ್, ಲೀಗಲ್ 500 ಅನ್ನುವ ಕೈಪಿಡಿಗಳು ಫರ್ಮುಗಳಿಗೆ ದರ್ಜೆ ಕೊಡುವುದೇ ವಿಭಾಗವಾರು, ದೇಶವಾರು. ಎಲ್ಲದರಲ್ಲೂ ಮೊದಲಿಗರಾದವರು ಸಿಗುವುದಿಲ್ಲ. ಪ್ರತಿಯೊಂದಕ್ಕೂ ಅದರದರ ಇತಿಹಾಸ. ಫ್ರೆಶ್‌ಫೀಲ್ಡ್ಸ್ 1743ರಿಂದ ಬ್ಯಾಂಕ್ ಆಫ್ ಇಂಗ್ಲೆಂಡಿನ ವಕೀಲರು. 1930ರಲ್ಲಿ ಶುರುವಾದ ಅಲೆನ್ ಅಂಡ್ ಓವರಿ ಸಾಲ ಮತ್ತು ಬಾಂಡುಗಳಲ್ಲಿ ಹೆಸರು ಮಾಡಿತು. ಅಮೆರಿಕದ ಕಾನೂನಿನ ಬಲ ಬೇಕೆಂದು 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಶಿಯರ್‌ಮನ್ ಅಂಡ್ ಸ್ಟರ್ಲಿಂಗ್ ಜೊತೆ ಒಂದಾಯಿತು. ಬೇಕರ್ ಮೆಕೆಂಜಿ 1949ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದೇ ಹಲವು ದೇಶಗಳಲ್ಲಿ ಕಚೇರಿ ಇಡುವ ಯೋಚನೆಯೊಂದಿಗೆ. ಅಂಥವರು ದರ್ಜೆಯ ಪಟ್ಟಿಯನ್ನು ಹೆಮ್ಮೆಯಿಂದ ಪ್ರಕಟಿಸುತ್ತಾರೆ. ನಮಗೋ, ಬಾರ್ ಕೌನ್ಸಿಲಿನ 36ನೇ ನಿಯಮ ಜಾಹೀರಾತನ್ನೇ ನಿಷೇಧಿಸಿದೆ. ಯಾವ ವಿಷಯದಲ್ಲಿ ಪರಿಣತಿ ಅಂತ ಬೋರ್ಡಿನಲ್ಲೂ ಬರೆಯುವಂತಿಲ್ಲ.

ಕೊನೆಗೆ ಲಂಡನ್ನಿನವರು ನನ್ನ ವೃತ್ತಿ ಹೊಣೆಯ ವಿಮೆ ಎಷ್ಟರದ್ದು ಅಂತ ಕೇಳಿದರು. ವರದಿ ತಪ್ಪಾಗಿ ನಷ್ಟವಾದರೆ ತುಂಬಿಕೊಡಲಿಕ್ಕೆ. ಅಂಥದ್ದು ಇಲ್ಲ ಅಂದೆ. ಹಾಗಾಗಿ ಮುಂಬೈಯ ಫರ್ಮು ನನ್ನ ವರದಿಯನ್ನು ತನ್ನ ಹೊಣೆಯಲ್ಲಿ ಸೇರಿಸಿಕೊಂಡಿತು. ಫೀಸಿಗೆ ಆರು ನಿಮಿಷಕ್ಕೊಂದರಂತೆ ಸಮಯದ ಪಟ್ಟಿ ಕೊಡಿ ಅಂದಾಗ ಗುಮಾಸ್ತರು ವಿಲೇಜ್ ಆಫೀಸಿನ ಎದುರು ಕಾದ ಹೊತ್ತನ್ನೂ ಸೇರಿಸಬೇಕೆಂದು ಹಟ ಹಿಡಿದರು. ಸೇರಿಸಿದೆವು, ಪಾವತಿಯೂ ಆಯಿತು. ಲಂಡನ್ನಿನವರ ಫೀಸು ಎಷ್ಟಿತ್ತೋ, ಆ ಗದ್ದೆಯ ಬೆಲೆಗಿಂತ ಕಡಿಮೆ ಇರಲಿಕ್ಕಿಲ್ಲ.

ವ್ಯವಹಾರ ಮುಗಿಯಿತು. ಹೊರಗುಳಿದ ಆ ಸರ್ವೆ ನಂಬರಿನ ಕಾಗದ ಹಿಡಿದುಕೊಂಡು ಶೆಟ್ರ ತಮ್ಮ ನಮ್ಮ ಆಫೀಸಿಗೆ ಬಂದರು. "ದುಬೈಯವರಿಗೆ ಬೇಡದ್ದು ನಿಮಗೆ ಬಂತು ಮೇಡಂ" ಅಂತ ನಕ್ಕರು. ಡೇಟಾ ಬ್ಯಾಂಕಿನಿಂದ ತೆಗೆಸಲಿಕ್ಕೆ ಫಾರ್ಮ್ 5ರಲ್ಲಿ ಕಂದಾಯ ವಿಭಾಗಾಧಿಕಾರಿಗೆ (ಆರ್‌ಡಿಒ) ಅರ್ಜಿ ಹಾಕಿದ್ದೇವೆ. ಕೃಷಿ ಆಫೀಸರರ ವರದಿ ಇನ್ನೂ ಬಂದಿಲ್ಲ.